ಪ್ರಮಾಣಪತ್ರದ ಆಚೆಗೆ ಎರಡು ವರ್ಷ

ಯುವಜನರನ್ನು ಉದ್ಯೋಗಕ್ಕೆ ಹಚ್ಚುವ ಹೊಣೆಯನ್ನು ಸರ್ಕಾರ ಮತ್ತು ಖಾಸಗಿಯವರು ಹಂಚಿಕೊಳ್ಳಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಹಂಚಿಕೊಳ್ಳುವುದೆಂದರೆ ನಿಜವಾಗಿ ಏನು? ನಾಲ್ಕು ದಶಕಗಳ ಹಿಂದೆ ಉಜಿರೆಯಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ ಇದಕ್ಕೆ ಉತ್ತರವಿದೆ.

ಎಸ್ಸೆಸ್ಸೆಲ್ಸಿಯನ್ನೋ ಪಿಯುಸಿಯನ್ನೋ ಮುಗಿಸಿ ಊರಲ್ಲೇ ಉಳಿದ ಹುಡುಗನನ್ನು ಮದುವೆ ಮುಂಜಿಗಳಲ್ಲಿ ಕಂಡ ನೆಂಟರು ಕೇಳುವ ಮೊದಲ ಪ್ರಶ್ನೆ, ‘ಮುಂದೇನಪ್ಪಾ?’ ಹುಡುಗಿಯಾದರೆ ಅದೇ ಪ್ರಶ್ನೆ ಅವಳ ಬದಲು ಅಪ್ಪ ಅಮ್ಮನ ಪಾಲಿಗೆ ಬರುತ್ತದೆ. ಮನೆಮನೆಯ ಈ ಪ್ರಶ್ನೆಗೆ ಸರ್ಕಾರ ಕೊಡಲೆತ್ನಿಸುವ ಉತ್ತರಕ್ಕೆ ‘ಯುವ ನೀತಿ’ ಎಂದು ಹೆಸರು.

ಭಾರತ ಸರ್ಕಾರ ಮೊದಲ ರಾಷ್ಟ್ರೀಯ ಯುವ ನೀತಿಯನ್ನು ಪ್ರಕಟಿಸಿದ್ದು 1988ರಲ್ಲಿ. ಎರಡನೆಯದು 2003ರಲ್ಲಿ, ಮೂರನೆಯದು 2014ರಲ್ಲಿ ಬಂತು. 2003ರ ನೀತಿ 13ರಿಂದ 35 ವರ್ಷದವರನ್ನೆಲ್ಲ ಯುವಜನರೆಂದು ಪರಿಗಣಿಸಿತ್ತು. 2014ರ ನೀತಿ ಆ ಮಿತಿಯನ್ನು 15ರಿಂದ 29 ವರ್ಷಕ್ಕೆ ಇಳಿಸಿತು. ಹಾಗೆ ಇಳಿಸಿದ ಮೇಲೂ ದೇಶದ ಜನಸಂಖ್ಯೆಯ ಶೇಕಡಾ 27.5ರಷ್ಟು ಮಂದಿ ಅದರ ವ್ಯಾಪ್ತಿಗೆ ಬರುತ್ತಾರೆಂದು ನೀತಿಯೇ ಹೇಳಿತು. ಐದು ಗುರಿಗಳನ್ನೂ 11 ಆದ್ಯತಾ ಕ್ಷೇತ್ರಗಳನ್ನೂ ಅದು ಪಟ್ಟಿ ಮಾಡಿತು. ಶಿಕ್ಷಣ, ಉದ್ಯೋಗ ಮತ್ತು ಕೌಶಲ, ಉದ್ಯಮಶೀಲತೆ ಇವು ಆ ಪಟ್ಟಿಯ ಮುಂಚೂಣಿಯಲ್ಲಿದ್ದವು.

ಇಷ್ಟು ದೊಡ್ಡ ಸಮೂಹವನ್ನು ಸರ್ಕಾರವೊಂದೇ ದಡ ಸೇರಿಸುವುದು ಅಸಾಧ್ಯ. ಎಲ್ಲರಿಗೂ ಸರ್ಕಾರಿ ನೌಕರಿ ಕೊಡುವುದಂತೂ ಕನಸಿನ ಮಾತು. ಹೀಗಾಗಿ ಕಳೆದ ಎರಡು ದಶಕಗಳಲ್ಲಿ ಯುವಜನರಿಗೆ ಸಂಬಂಧಿಸಿದ ಬಹುತೇಕ ಎಲ್ಲ ಯೋಜನೆಗಳಲ್ಲೂ ‘ಸರ್ಕಾರಿ-ಖಾಸಗಿ ಸಹಭಾಗಿತ್ವ’ ಎಂಬ ಪದ ಕಾಣಿಸಿಕೊಳ್ಳತೊಡಗಿತು. ಕೇಳಲು ಹಿತವಾದ ಪದವೇನೋ ಸರಿ. ಆದರೆ ಪಾಲುದಾರರು ಎಂದ ಮೇಲೆ ಯಾರು ಏನನ್ನು ತರುತ್ತಾರೆ, ನಷ್ಟವಾದಾಗ ಯಾರ ಕೈ ಸುಡುತ್ತದೆ, ಕಲಿತ ಹುಡುಗ ನೆಲೆಗೊಳ್ಳದಿದ್ದರೆ ಯಾರು ಉತ್ತರ ಹೇಳುತ್ತಾರೆ ಎಂಬುದು ಇತ್ಯರ್ಥವಾಗಬೇಡವೇ? ಅದು ಸ್ಪಷ್ಟವಿಲ್ಲದ ಕಡೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ನಡುವೆ ಸಿಕ್ಕಿಬೀಳುವವರು ಮಾತ್ರ ಯುವಕ ಯುವತಿಯರು.

ಕಲಿಸಿದ ಮೇಲೆ ಕೈಬಿಟ್ಟ ಯೋಜನೆ

ಸರ್ಕಾರ ಒಂಟಿಯಾಗಿ ಹೊರಟರೆ ಏನಾಗುತ್ತದೆ ಎಂಬುದಕ್ಕೆ ‘ಟ್ರೈಸೆಮ್’ ಒಳ್ಳೆಯ ಉದಾಹರಣೆ. ಗ್ರಾಮೀಣ ಯುವಜನರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ಈ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 1979ರ ಆಗಸ್ಟ್ 15ರಂದು ಆರಂಭಿಸಿತು. ಬಡ ಕುಟುಂಬಗಳ 18ರಿಂದ 35 ವರ್ಷದವರು ಇದರ ಫಲಾನುಭವಿಗಳು. ಅವರನ್ನು ಆಯ್ಕೆ ಮಾಡಿ, ಕೈಗಾರಿಕಾ ತರಬೇತಿ ಕೇಂದ್ರಕ್ಕೋ ಪಾಲಿಟೆಕ್ನಿಕ್‌ಗೋ ನುರಿತ ಕುಶಲಕರ್ಮಿಯ ಬಳಿಗೋ ಕಳುಹಿಸುತ್ತಿದ್ದರು. ತಿಂಗಳಿಗಿಷ್ಟು ಭತ್ಯವಿತ್ತು. ತರಬೇತಿ ಮುಗಿದ ಮೇಲೆ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮದಡಿ ಸಾಲ ಮತ್ತು ಸಹಾಯಧನ ಸಿಗಬೇಕಿತ್ತು.

ಯೋಜನೆಯ ಆಲೋಚನೆಯಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಕೊಂಡಿಗಳಲ್ಲಿ. ಆಯ್ಕೆ ಮಾಡುವವರು ಬ್ಲಾಕ್ ಕಚೇರಿಯವರು, ಕಲಿಸುವವರು ಮತ್ತೊಬ್ಬರು, ಸಾಲ ಕೊಡಬೇಕಾದವರು ಬ್ಯಾಂಕಿನವರು. ಈ ಮೂವರೂ ಒಂದೇ ಮೇಜಿನ ಸುತ್ತ ಕುಳಿತದ್ದು ಅಪರೂಪ. ಹೊಲಿಗೆ ಕಲಿತವಳಿಗೆ ಯಂತ್ರ ಕೊಳ್ಳುವ ಸಾಲ ಸಿಗುವಷ್ಟರಲ್ಲಿ ವರ್ಷ ಕಳೆದಿರುತ್ತಿತ್ತು, ಇಲ್ಲವೇ ಅರ್ಜಿಯೇ ಕಳೆದುಹೋಗಿರುತ್ತಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಬ್ಯಾಂಕಿನ ಬಾಗಿಲಲ್ಲಿ ನಿಜವಾಗುತ್ತಿತ್ತು. ಭತ್ಯದ ಆಸೆಗಷ್ಟೇ ತರಬೇತಿಗೆ ಸೇರಿದವರೂ ಇದ್ದರು. ತರಬೇತಿ ಪಡೆದವರಲ್ಲಿ ಗಣನೀಯ ಸಂಖ್ಯೆಯ ಮಂದಿ ನಿರುದ್ಯೋಗಿಗಳಾಗಿಯೇ ಉಳಿದರೆಂಬುದನ್ನು ಸರ್ಕಾರದ ಮೌಲ್ಯಮಾಪನಗಳೇ ಒಪ್ಪಿಕೊಂಡವು. ಕೊನೆಗೆ 1999ರ ಏಪ್ರಿಲ್ 1ರಂದು ಟ್ರೈಸೆಮ್ ಬೇರೆ ಕೆಲವು ಕಾರ್ಯಕ್ರಮಗಳ ಜೊತೆ ‘ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್’ ಯೋಜನೆಯಲ್ಲಿ ಲೀನವಾಯಿತು.

ಉಜಿರೆಯಲ್ಲಿ ಸೇರಿದ ಮೂವರು

ಟ್ರೈಸೆಮ್ ಹೀಗೆ ಕುಂಟುತ್ತಿದ್ದ ದಿನಗಳಲ್ಲೇ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಬೇರೊಂದು ಬಗೆಯ ಪ್ರಯೋಗ ನಡೆಯಿತು. ಧರ್ಮಸ್ಥಳ ಸಮೀಪದಲ್ಲೇ ಇದೆ. ಕೆಲಸ ಕೊಡಿಸಿ ಎಂದು ಕೇಳಿಕೊಂಡು ಅಲ್ಲಿಗೆ ಬರುವ ಯುವಕರ ಸಂಖ್ಯೆ ಬೆಳೆಯುತ್ತಲೇ ಇತ್ತು. ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ಅವರಿಗೆಲ್ಲ ಕೆಲಸ ಹುಡುಕುವ ಬದಲು, ಕೆಲಸವನ್ನು ತಾವೇ ಸೃಷ್ಟಿಸಿಕೊಳ್ಳುವುದನ್ನು ಕಲಿಸುವ ದಾರಿ ಹಿಡಿದರು. 1982ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಎಜುಕೇಷನಲ್ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಗ್ರಾಮೀಣಾಭಿವೃದ್ಧಿ ಮತ್ತು ಸ್ವ-ಉದ್ಯೋಗ ತರಬೇತಿ ಸಂಸ್ಥೆಯನ್ನು ಕಟ್ಟಿದವು. ಜನರ ಬಾಯಲ್ಲಿ ಅದು ‘ರುಡ್‌ಸೆಟ್’ ಆಯಿತು.

ಬ್ಯಾಂಕುಗಳು ಇದಕ್ಕೆ ಕೈಜೋಡಿಸಿದ್ದು ಆಕಸ್ಮಿಕವಲ್ಲ. ಅವಿಭಜಿತ ದಕ್ಷಿಣ ಕನ್ನಡ ಬ್ಯಾಂಕುಗಳ ತವರು. ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದ್ದು 1906ರಲ್ಲಿ. ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು ಉಡುಪಿಯಲ್ಲಿ 1925ರಲ್ಲಿ ಆರಂಭಿಸಿದ್ದು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಮನೆಬಾಗಿಲಿಗೆ ಹೋಗಿ ನಾಲ್ಕು ಕಾಸು ಕೂಡಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಶುರು ಮಾಡಿದ್ದು ಇದೇ ಬ್ಯಾಂಕು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಇವೆರಡೂ ಸೇರಿದ್ದವು. ಹಳ್ಳಿಯವರಿಗೆ, ಸಣ್ಣ ಉದ್ಯೋಗಿಗಳಿಗೆ ಸಾಲ ಕೊಡುವುದು ಆ ಮೇಲೆ ಅವುಗಳ ಕರ್ತವ್ಯವೇ ಆಯಿತು. ಕೊಟ್ಟ ಸಾಲ ಮರಳಿ ಬರಬೇಕಾದರೆ ಪಡೆದವನಿಗೆ ಉದ್ಯೋಗ ನಡೆಸುವ ಚಾಕಚಕ್ಯತೆ ಇರಬೇಕು ಎಂಬ ಸತ್ಯವೂ ಅನುಭವದಿಂದ ತಿಳಿದಿತ್ತು.

ಹೀಗಾಗಿ ಉಜಿರೆಯ ಪಾಲುದಾರಿಕೆಯಲ್ಲಿ ಪ್ರತಿಯೊಬ್ಬರೂ ಮತ್ತೊಬ್ಬರಲ್ಲಿ ಇಲ್ಲದ್ದನ್ನು ತಂದರು. ಟ್ರಸ್ಟ್ ತಂದದ್ದು ಜನರ ವಿಶ್ವಾಸ. ಮಗಳನ್ನು ಮೂರು ವಾರ ಹಾಸ್ಟೆಲಿಗೆ ಕಳುಹಿಸಲು ತಂದೆ ತಾಯಿ ಒಪ್ಪಬೇಕಾದರೆ ಅಂಥ ವಿಶ್ವಾಸ ಬೇಕೇ ಬೇಕು. ಬ್ಯಾಂಕುಗಳು ತಂದದ್ದು ಹಣ, ಲೆಕ್ಕದ ಶಿಸ್ತು ಮತ್ತು ತಮ್ಮ ಅಧಿಕಾರಿಗಳನ್ನು. ಸಂಸ್ಥೆಯ ನಿರ್ದೇಶಕನ ಕುರ್ಚಿಯಲ್ಲಿ ಕೂರುವವರು ಬ್ಯಾಂಕಿನಿಂದ ನಿಯೋಜನೆಯ ಮೇಲೆ ಬಂದ ಅಧಿಕಾರಿ. ಸಾಲದ ಅರ್ಜಿ ಹೇಗಿರಬೇಕು, ಮ್ಯಾನೇಜರು ಯಾವ ಪ್ರಶ್ನೆ ಕೇಳುತ್ತಾರೆ, ಎಲ್ಲಿ ತಡೆಯಾಗುತ್ತದೆ ಎಂಬುದೆಲ್ಲ ಅವರಿಗೆ ಅಂಗೈಯ ಮೇಲಿನ ನೆಲ್ಲಿಕಾಯಿ. ಟ್ರೈಸೆಮ್‌ನಲ್ಲಿ ತುಂಡಾಗಿದ್ದ ಕೊಂಡಿ ಇಲ್ಲಿ ಮೊದಲ ದಿನವೇ ಕೂಡಿಕೊಂಡಿತು.

ಕಣ್ಣಿಗೆ ಬಟ್ಟೆ, ಕೈಯಲ್ಲಿ ಮರದ ತುಂಡು

ತರಬೇತಿಯ ವಿಧಾನವೂ ಗಮನಿಸಬೇಕಾದದ್ದು. ಒಂದು ತಂಡದಲ್ಲಿ ಇಪ್ಪತ್ತೈದರಿಂದ ಮೂವತ್ತೈದು ಮಂದಿ. ವಿಷಯಕ್ಕೆ ತಕ್ಕಂತೆ ಒಂದು ವಾರದಿಂದ ಆರೇಳು ವಾರಗಳ ಅವಧಿ. ಊಟ, ವಸತಿ, ಕಲಿಕೆ ಎಲ್ಲವೂ ಉಚಿತ. ದ್ವಿಚಕ್ರ ವಾಹನ ದುರಸ್ತಿ, ಪಂಪ್‌ಸೆಟ್ ಮೋಟಾರಿನ ರೀವೈಂಡಿಂಗ್, ಮನೆಯ ವೈರಿಂಗ್, ಹೊಲಿಗೆ, ಬ್ಯೂಟಿ ಪಾರ್ಲರ್, ಫೋಟೊಗ್ರಫಿ, ಹೈನುಗಾರಿಕೆ, ಜೇನು ಸಾಕಣೆ, ಎರೆಗೊಬ್ಬರ, ಕಾಲಕ್ರಮೇಣ ಮೊಬೈಲ್ ಫೋನ್ ದುರಸ್ತಿ ಹೀಗೆ ಪಟ್ಟಿ ಬೆಳೆಯುತ್ತದೆ. ಬೆಳಿಗ್ಗೆ ಯೋಗ, ಶ್ರಮದಾನ. ಪಾಠ ಆರಂಭವಾಗುವ ಮುನ್ನ ಪ್ರತಿಯೊಬ್ಬರೂ ಎದ್ದುನಿಂತು ನಿನ್ನೆ ಕಲಿತದ್ದರಲ್ಲಿ ಮುಖ್ಯವಾದದ್ದು ಯಾವುದೆಂದು ಹೇಳಬೇಕು. ನಾಲ್ಕು ಜನರ ಮುಂದೆ ಬಾಯಿ ಬಿಡಲು ಹಿಂಜರಿಯುತ್ತಿದ್ದವರು ವಾರದೊಳಗೆ ಮಾತು ಕಲಿಯುವುದು ಹೀಗೆ.

ಕೈಕೆಲಸದ ಜೊತೆಗೆ ಮನಸ್ಸನ್ನು ಹದಗೊಳಿಸುವ ಆಟಗಳಿವೆ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಮರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ಗೋಪುರ ಕಟ್ಟಲು ಹೇಳುತ್ತಾರೆ. ಎಷ್ಟು ತುಂಡು ಜೋಡಿಸಬಲ್ಲೆ ಎಂದು ಮೊದಲೇ ಗುರಿ ಹೇಳಬೇಕು. ಪಕ್ಕದಲ್ಲಿ ನಿಂತವರಲ್ಲಿ ಒಬ್ಬರು ಹುರಿದುಂಬಿಸುತ್ತಾರೆ, ಮತ್ತೊಬ್ಬರು ‘ನಿನ್ನ ಕೈಲಾಗದು’ ಎನ್ನುತ್ತಾರೆ. ಮನೆಯವರ ಮತ್ತು ನೆರೆಹೊರೆಯವರ ಮಾತು ಉದ್ಯೋಗ ಹೂಡುವವನ ಮೇಲೆ ಎಂಥ ಪರಿಣಾಮ ಬೀರುತ್ತದೆ ಎಂಬುದು ಐದು ನಿಮಿಷದಲ್ಲಿ ಅರಿವಾಗುತ್ತದೆ. ಕಂಬಕ್ಕೆ ರಿಂಗ್ ಎಸೆಯುವ ಇನ್ನೊಂದು ಆಟದಲ್ಲಿ ಎಷ್ಟು ದೂರದಿಂದ ಎಸೆಯಬೇಕೆಂಬುದನ್ನು ಆಡುವವರೇ ತೀರ್ಮಾನಿಸಬೇಕು. ತೀರಾ ಹತ್ತಿರ ನಿಂತರೆ ಅಂಕ ಕಡಿಮೆ, ತೀರಾ ದೂರ ನಿಂತರೆ ಗುರಿ ತಪ್ಪುತ್ತದೆ. ಲೆಕ್ಕ ಹಾಕಿ ಅಪಾಯಕ್ಕೆ ಒಡ್ಡಿಕೊಳ್ಳುವುದು ಹೇಗೆಂಬುದೇ ಇದರ ಪಾಠ.

ಈ ಆಟಗಳ ಹಿಂದೆ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲೆಂಡ್ ಅವರ ಚಿಂತನೆಯಿದೆ. ಸಾಧಿಸಬೇಕೆಂಬ ಛಲವನ್ನು ತರಬೇತಿಯಿಂದ ಬೆಳೆಸಬಹುದು ಎಂದು ತೋರಿಸಲು ಅವರು 1960ರ ದಶಕದಲ್ಲಿ ಪ್ರಯೋಗಕ್ಕೆ ಆರಿಸಿಕೊಂಡದ್ದು ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳನ್ನು. ದೂರದ ವಿಶ್ವವಿದ್ಯಾಲಯದ ಸಿದ್ಧಾಂತ ಹೀಗೆ ಪಕ್ಕದ ರಾಜ್ಯವನ್ನು ಹಾದು ನಮ್ಮ ಹಳ್ಳಿಯ ಹುಡುಗ ಹುಡುಗಿಯರ ಕೈಗೆ ಮರದ ತುಂಡಾಗಿ ಬಂತು.

ಇಷ್ಟಾದ ಮೇಲೆ ಮಾರುಕಟ್ಟೆ ಸಮೀಕ್ಷೆ. ಪೇಟೆಗೆ ಹೋಗಿ ತಾನು ಹೂಡಲಿರುವ ಉದ್ಯೋಗದ ಅಂಗಡಿಗಳು ಎಷ್ಟಿವೆ, ಬಾಡಿಗೆ ಎಷ್ಟು, ಬಿಡಿಭಾಗ ಎಲ್ಲಿ ಅಗ್ಗ, ಗಿರಾಕಿಗಳ ದೂರು ಏನು ಎಂದು ತಾನೇ ವಿಚಾರಿಸಿಕೊಂಡು ಬರಬೇಕು. ಆ ವಿವರಗಳಿಂದಲೇ ಸಾಲಕ್ಕೆ ಬೇಕಾದ ಯೋಜನಾ ವರದಿ ತಯಾರಾಗುತ್ತದೆ. ಬೇರೆಯವರು ಬರೆದುಕೊಟ್ಟ ವರದಿ ಹಿಡಿದು ಬ್ಯಾಂಕಿಗೆ ಹೋದವನಿಗೂ, ಲೆಕ್ಕವನ್ನು ತಾನೇ ಹಾಕಿ ಹೋದವನಿಗೂ ಇರುವ ವ್ಯತ್ಯಾಸವನ್ನು ಮ್ಯಾನೇಜರು ಎರಡೇ ಪ್ರಶ್ನೆಯಲ್ಲಿ ಕಂಡುಹಿಡಿಯುತ್ತಾರೆ.

ಬೀಳ್ಕೊಟ್ಟ ಮೇಲೆ ಆರಂಭ

ಸಾಮಾನ್ಯವಾಗಿ ತರಬೇತಿ ಕೇಂದ್ರಗಳ ಕೆಲಸ ಪ್ರಮಾಣಪತ್ರ ವಿತರಣೆಯ ಸಮಾರಂಭದೊಂದಿಗೆ ಮುಗಿಯುತ್ತದೆ. ರುಡ್‌ಸೆಟ್ ಪದ್ಧತಿಯಲ್ಲಿ ಎರಡನೆಯ, ಇನ್ನೂ ಕಷ್ಟದ ಭಾಗ ಅಲ್ಲಿಂದ ಶುರು. ತರಬೇತಿ ಅಲ್ಪಾವಧಿಯದು, ಬೆಂಬಲ ದೀರ್ಘಾವಧಿಯದು ಎಂಬುದು ಇಲ್ಲಿನ ಸೂತ್ರ. ಹೋದವರನ್ನು ಎರಡು ವರ್ಷಗಳ ಕಾಲ ಹಿಂಬಾಲಿಸುತ್ತಾರೆ. ಪತ್ರ, ಫೋನು, ಮನೆ ಭೇಟಿ, ಹಳೆಯ ಶಿಬಿರಾರ್ಥಿಗಳ ಸಭೆ, ಸಾಲ ತಡವಾದರೆ ಬ್ಯಾಂಕ್ ಶಾಖೆಗೆ ಒಂದು ಮಾತು, ಇವೆಲ್ಲ ಇದರಲ್ಲಿ ಸೇರಿವೆ.

ಎರಡು ವರ್ಷ ಏಕೆ? ಸಣ್ಣ ಉದ್ಯೋಗ ಹೂಡಿದವರು ಮುಗ್ಗರಿಸುವುದು ಬಹುಮಟ್ಟಿಗೆ ಆರಂಭದ ದಿನಗಳಲ್ಲೇ. ಮೊದಲ ಆರು ತಿಂಗಳಲ್ಲಿ ಗಿರಾಕಿ ಸಿಗುವುದಿಲ್ಲ. ಸಿಕ್ಕ ಗಿರಾಕಿಗಳು ನೆಂಟರು, ಗೆಳೆಯರು. ಅವರು ಉದ್ದರಿ ಹೇಳುತ್ತಾರೆ. ಮನೆಯಲ್ಲೊಂದು ಕಾಯಿಲೆ ಬಂದರೆ ಬಂಡವಾಳ ಆಸ್ಪತ್ರೆಗೆ ಹೋಗುತ್ತದೆ. ಹುಡುಗಿಗೆ ಮದುವೆ ಗೊತ್ತಾದರೆ ಹೊಲಿಗೆ ಯಂತ್ರ ಊರು ಬದಲಿಸಬೇಕಾಗುತ್ತದೆ. ಇಂಥ ಹೊತ್ತಿನಲ್ಲಿ ‘ಹೇಗಿದೆಯಮ್ಮಾ ಅಂಗಡಿ?’ ಎಂದು ಕೇಳುವವರೊಬ್ಬರಿದ್ದರೆ ಎಷ್ಟೋ ಮಂದಿ ಕೈಚೆಲ್ಲದೆ ನಿಲ್ಲುತ್ತಾರೆ. ಈ ಕೆಲಸಕ್ಕೆ ಕಟ್ಟಡ ಬೇಡ, ಯಂತ್ರ ಬೇಡ. ಬೇಕಾದದ್ದು ತಾಳ್ಮೆ. ಸರ್ಕಾರದ ವಾರ್ಷಿಕ ಬಜೆಟ್ಟಿನ ಲೆಕ್ಕಕ್ಕೆ ಸುಲಭವಾಗಿ ಸಿಗದ ಬಾಬತ್ತು ಅದು.

ಉಜಿರೆಯಿಂದ ದೆಹಲಿಗೆ

ಪ್ರಯೋಗ ಒಂದು ಊರಿನಲ್ಲೇ ಉಳಿಯಲಿಲ್ಲ. ಧಾರವಾಡ, ಮೈಸೂರು, ಚಿತ್ರದುರ್ಗ, ವಿಜಯಪುರ, ಬ್ರಹ್ಮಾವರ, ನೆಲಮಂಗಲ ಬಳಿಯ ಅರಿಶಿನಕುಂಟೆ ಎಂದು ರಾಜ್ಯದಲ್ಲಿ ಹರಡಿ, ಹೊರರಾಜ್ಯಗಳಿಗೂ ಹೋಗಿ 17 ರಾಜ್ಯಗಳಲ್ಲಿ 27 ಸಂಸ್ಥೆಗಳಾದವು. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದನ್ನು ಮಾದರಿಯಾಗಿ ಸ್ವೀಕರಿಸಿ, ಪ್ರತಿ ಜಿಲ್ಲೆಗೊಂದು ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ, ಅಂದರೆ ‘ಆರ್‌ಸೆಟಿ’ ಸ್ಥಾಪಿಸುವ ಯೋಜನೆಯನ್ನು 2009ರಲ್ಲಿ ಕೈಗೆತ್ತಿಕೊಂಡಿತು.

ಇಲ್ಲಿ ಒಂದು ವಿಶೇಷವಿದೆ. ಸಾಮಾನ್ಯವಾಗಿ ಸರ್ಕಾರ ಯೋಜನೆ ರೂಪಿಸಿ ಖಾಸಗಿಯವರನ್ನು ಕರೆಯುತ್ತದೆ. ಇಲ್ಲಿ ಟ್ರಸ್ಟೊಂದು ಬ್ಯಾಂಕುಗಳ ಜೊತೆಗೂಡಿ ಇಪ್ಪತ್ತೇಳು ವರ್ಷ ನಡೆಸಿ ತೋರಿಸಿದ ಕೆಲಸಕ್ಕೆ ಸರ್ಕಾರವೇ ಬಂದು ಸೇರಿಕೊಂಡಿತು. ಹೀಗೆ ಸೇರುವಾಗ ಹೊಣೆಯ ಹಂಚಿಕೆಯೂ ಖಚಿತವಾಗಿತ್ತು. ಭೂಮಿ ಕೊಡುವುದು ರಾಜ್ಯ ಸರ್ಕಾರ. ಕಟ್ಟಡ ಮತ್ತು ಮೂಲಸೌಕರ್ಯಕ್ಕೆ ಒಂದು ಸಂಸ್ಥೆಗೆ 1 ಕೋಟಿ ರೂಪಾಯಿವರೆಗೆ ಅನುದಾನ ಕೊಡುವುದು ಕೇಂದ್ರ. ಬಡ ಕುಟುಂಬದ ಶಿಬಿರಾರ್ಥಿಗಳ ತರಬೇತಿ ವೆಚ್ಚ ಭರಿಸುವುದೂ ಕೇಂದ್ರವೇ. ಸಂಸ್ಥೆ ನಡೆಸುವುದು, ಅಧಿಕಾರಿಗಳನ್ನು ಒದಗಿಸುವುದು, ಸಾಲದ ದಾರಿ ತೆರೆಯುವುದು ಬ್ಯಾಂಕು, ಹೆಚ್ಚಾಗಿ ಆಯಾ ಜಿಲ್ಲೆಯ ಅಗ್ರಣಿ ಬ್ಯಾಂಕು. ಬೆಂಗಳೂರಿನಲ್ಲಿರುವ ರುಡ್‌ಸೆಟ್‌ನ ರಾಷ್ಟ್ರೀಯ ಅಕಾಡೆಮಿಗೆ ಬೋಧಕರ ತರಬೇತಿ ಮತ್ತು ಉಸ್ತುವಾರಿಯ ಕೆಲಸ ಬಂತು. ಇಂದು ದೇಶದಲ್ಲಿ ಆರುನೂರರ ಆಸುಪಾಸಿನಲ್ಲಿ ಆರ್‌ಸೆಟಿಗಳಿವೆ. ಅವುಗಳಲ್ಲಿ ತರಬೇತಿ ಪಡೆದವರ ಸಂಖ್ಯೆ ಅರ್ಧ ಕೋಟಿ ದಾಟಿದೆ.

ಮೂಲ ಪಾಲುದಾರರಲ್ಲಿ ಒಂದಾದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಬ್ಯಾಂಕಿನ ಹೆಸರು ಹೋದರೂ ಅದು ನೆಟ್ಟ ಗಿಡ ಉಳಿಯಿತು.

ತಲೆಗಿಷ್ಟು ಎಂಬ ಲೆಕ್ಕ

ಇದೇ ಕಾಲದಲ್ಲಿ ಸಹಭಾಗಿತ್ವದ ಇನ್ನೊಂದು ಮಾದರಿಯೂ ಬೆಳೆಯಿತು. 2008ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕೌಶಲ ಅಭಿವೃದ್ಧಿ ನಿಗಮದಲ್ಲಿ ಆಗ ಶೇಕಡಾ 51 ಪಾಲು ಖಾಸಗಿ ಉದ್ಯಮ ಸಂಘಟನೆಗಳದ್ದು, 49 ಸರ್ಕಾರದ್ದು. ಷೇರು ಬಂಡವಾಳ ಕೇವಲ 10 ಕೋಟಿ ರೂಪಾಯಿ. ಆದರೆ ತರಬೇತಿ ಸಂಸ್ಥೆಗಳಿಗೆ ಹಂಚಲು ಬಂದ ಹಣದ ಬಹುಪಾಲು ಸರ್ಕಾರದ ಬೊಕ್ಕಸದ್ದೇ. 2022ರೊಳಗೆ 15 ಕೋಟಿ ಜನರಿಗೆ ಕೌಶಲ ಕಲಿಸುವ ಗುರಿಯನ್ನು ನಿಗಮಕ್ಕೆ ಕೊಡಲಾಗಿತ್ತು. ಆರಂಭದ ವರ್ಷಗಳಲ್ಲಿ ಅದರ ಪಾಲುದಾರ ಸಂಸ್ಥೆಗಳಲ್ಲಿ ಹೆಚ್ಚಿನವು ತರಬೇತಿಯ ಗುರಿ ಮುಟ್ಟಲಿಲ್ಲವೆಂದು ಮಹಾಲೇಖಪಾಲರ 2015ರ ವರದಿ ಬೊಟ್ಟು ಮಾಡಿತು.

ಅದೇ ವರ್ಷ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಬಂತು. 2016ರ ನಂತರ ಅದರ ಎರಡನೆಯ ಹಂತದಲ್ಲಿ ಖಾಸಗಿ ತರಬೇತಿ ಕೇಂದ್ರಗಳಿಗೆ ಹಣ ಕೊಡುವ ಕ್ರಮವನ್ನು ಗಮನಿಸಬೇಕು. ತರಗತಿ ಶುರುವಾದಾಗ ಶೇಕಡಾ 30. ಶಿಬಿರಾರ್ಥಿ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದಾಗ 50. ಕೆಲಸ ಸಿಕ್ಕರೆ ಉಳಿದ 20. ಅಂದರೆ ಒಬ್ಬರಿಗೂ ಕೆಲಸ ಸಿಗದಿದ್ದರೂ ಕೇಂದ್ರದ ಕೈಗೆ ನೂರರಲ್ಲಿ 80 ರೂಪಾಯಿ ಬಂದಾಗಿರುತ್ತದೆ. ಉದ್ಯೋಗ ಹುಡುಕಿಕೊಡುವುದು ಶ್ರಮದ ಕೆಲಸ, ಹೊಸ ತಂಡ ಸೇರಿಸುವುದು ಸುಲಭದ ಕೆಲಸ. ಲೆಕ್ಕ ಬಲ್ಲ ಯಾವ ವ್ಯಾಪಾರಿಯಾದರೂ ಎರಡನೆಯದನ್ನೇ ಆರಿಸಿಕೊಳ್ಳುತ್ತಾನೆ. ಅದರಲ್ಲಿ ಅವನ ತಪ್ಪಿಗಿಂತ ಒಪ್ಪಂದ ಬರೆದವರ ತಪ್ಪೇ ಹೆಚ್ಚು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂಬಂತಾಗಬಾರದು ಎಂದಿದ್ದರೆ ಖಾಸಗಿ ಪಾಲುದಾರನದೂ ಏನಾದರೊಂದು ಪಣಕ್ಕಿರಬೇಕು. ಯೋಜನೆಯ ನಾಲ್ಕನೆಯ ಹಂತದಲ್ಲಂತೂ ಅಲ್ಪಾವಧಿ ತರಬೇತಿಗೆ ಉದ್ಯೋಗದ ಲೆಕ್ಕವನ್ನು ಜೋಡಿಸುವ ಪದ್ಧತಿಯನ್ನೇ ಕೈಬಿಡಲಾಯಿತು. ಅಭ್ಯರ್ಥಿಗಳು ತಮ್ಮ ದಾರಿಯನ್ನು ತಾವೇ ಆರಿಸಿಕೊಳ್ಳಲಿ ಎಂಬುದು ಇದಕ್ಕೆ ಸರ್ಕಾರ ಕೊಟ್ಟ ಸಮಜಾಯಿಷಿ.

ಬ್ಯಾಂಕಿನ ಸ್ಥಿತಿ ಬೇರೆ. ತಾನು ಕಲಿಸಿದವನಿಗೆ ತಾನೇ ಸಾಲ ಕೊಟ್ಟರೆ, ಅವನ ಅಂಗಡಿ ಮುಚ್ಚಿದ ದಿನ ಬ್ಯಾಂಕಿಗೂ ನಷ್ಟ. ಕಲಿತವನ ಏಳಿಗೆಯೂ ಕಲಿಸಿದವನ ಏಳಿಗೆಯೂ ಒಂದೇ ಹಗ್ಗದಲ್ಲಿ ಕಟ್ಟಲ್ಪಟ್ಟಿವೆ. ಎರಡು ಮಾದರಿಗಳ ನಡುವಿನ ಮುಖ್ಯ ವ್ಯತ್ಯಾಸ ಇದೇ.

ಕೈಗಾರಿಕೆಗಳು ಬಂದಾಗ

ದೊಡ್ಡ ಕೈಗಾರಿಕೆಗಳ ಸಹಭಾಗಿತ್ವಕ್ಕೂ ಈ ಅಳತೆಗೋಲು ಅನ್ವಯಿಸುತ್ತದೆ. 2007-08ರಲ್ಲಿ ದೇಶದ 1,396 ಸರ್ಕಾರಿ ಐಟಿಐಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸುವ ಯೋಜನೆ ಬಂತು. ಕೈಗಾರಿಕೆಯ ಪ್ರತಿನಿಧಿಯ ಅಧ್ಯಕ್ಷತೆಯ ಆಡಳಿತ ಸಮಿತಿಗೆ 2.5 ಕೋಟಿ ರೂಪಾಯಿವರೆಗೆ ಬಡ್ಡಿರಹಿತ ಸಾಲ. ಮೊದಲ ಹತ್ತು ವರ್ಷ ಕಂತು ಕಟ್ಟಬೇಕಿಲ್ಲ, ನಂತರದ 20 ವರ್ಷಗಳಲ್ಲಿ ತೀರಿಸಬೇಕು. ಶೇಕಡಾ 20ರವರೆಗಿನ ಸೀಟುಗಳನ್ನು ಸಮಿತಿಯೇ ತುಂಬಬಹುದು. ಕೈಗಾರಿಕೆಯವರು ಸಭೆಗೆ ಬಂದು ಪಠ್ಯಕ್ರಮ ನೋಡಿ, ಯಂತ್ರ ಕೊಟ್ಟು, ಹುಡುಗರನ್ನು ತಮ್ಮ ಕಾರ್ಖಾನೆಗೆ ಕರೆದೊಯ್ದರೆ ಐಟಿಐ ಚಿಗುರುತ್ತದೆ. ಅಧ್ಯಕ್ಷರು ಸಹಿಗಷ್ಟೇ ಸೀಮಿತರಾದರೆ ಹೊಸ ಬಣ್ಣ ಹೊಡೆದ ಕಟ್ಟಡದಲ್ಲಿ ಹಳೆಯ ಲೇತ್ ಯಂತ್ರವೇ ತಿರುಗುತ್ತಿರುತ್ತದೆ.

ಕರ್ನಾಟಕದಲ್ಲಿ ಟಾಟಾ ಟೆಕ್ನಾಲಜೀಸ್ ಮತ್ತಿತರ ಕಂಪನಿಗಳ ಸಹಯೋಗದಲ್ಲಿ 150 ಸರ್ಕಾರಿ ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿ ಪರಿವರ್ತಿಸಿ 2022ರ ಜೂನ್ 20ರಂದು ಲೋಕಾರ್ಪಣೆ ಮಾಡಲಾಯಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ 1,000 ಐಟಿಐಗಳ ಸುಧಾರಣೆಗೆ 60 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಕೇಂದ್ರದ ಪಾಲು 30 ಸಾವಿರ ಕೋಟಿ, ರಾಜ್ಯಗಳದ್ದು 20 ಸಾವಿರ, ಕೈಗಾರಿಕೆಗಳದ್ದು 10 ಸಾವಿರ ಕೋಟಿ. ಖಾಸಗಿಯವರ ಹಣವೂ ಪಣಕ್ಕಿದೆ ಎಂಬುದು ಸ್ವಾಗತಾರ್ಹ. ರೊಬಾಟ್, ವಿದ್ಯುತ್ ವಾಹನಗಳ ಯಂತ್ರಗಳನ್ನು ತಂದಿರಿಸಿದರೆ ಸಾಲದು. ಅವುಗಳನ್ನು ಕಲಿಸುವ ಬೋಧಕರು ಬೇಕು, ಕಲಿತವರನ್ನು ಕರೆದುಕೊಳ್ಳುವ ಕಾರ್ಖಾನೆ ಕೈಗೆಟಕುವ ದೂರದಲ್ಲಿರಬೇಕು.

ದೂರದ ಮಾತು ಹಗುರವಾದದ್ದಲ್ಲ ಎಂಬುದಕ್ಕೆ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯೇ ಸಾಕ್ಷಿ. ದೇಶದ ಅಗ್ರ 500 ಕಂಪನಿಗಳಲ್ಲಿ ಐದು ವರ್ಷಗಳಲ್ಲಿ 1 ಕೋಟಿ ಯುವಜನರಿಗೆ ಕೆಲಸದ ಅನುಭವ ಕೊಡಿಸುವುದು ಅದರ ಗುರಿ. ತಿಂಗಳಿಗೆ 5,000 ರೂಪಾಯಿಯಲ್ಲಿ 4,500 ಸರ್ಕಾರದ್ದು, 500 ಕಂಪನಿಯ ಸಾಮಾಜಿಕ ಹೊಣೆಗಾರಿಕೆ ನಿಧಿಯದು ಎಂದು ಆಗ ಗೊತ್ತುಮಾಡಲಾಗಿತ್ತು. ಮೊದಲ ಸುತ್ತಿನಲ್ಲಿ ಕಂಪನಿಗಳು ತೆರೆದಿಟ್ಟ ಸ್ಥಾನಗಳು ಸುಮಾರು 1.27 ಲಕ್ಷ. ಕೊನೆಗೆ ಹೋಗಿ ಸೇರಿದವರು 8,700 ಮಂದಿಯಷ್ಟೇ. ಊರಿನಿಂದ ದೂರ, ವರ್ಷವಿಡೀ ಅವಧಿ, ತಮಗೆ ಹೊಂದದ ಕೆಲಸ, ಇವು ಬಾರದವರು ಕೊಟ್ಟ ಕಾರಣಗಳೆಂದು ಸಂಸತ್ತಿಗೆ ತಿಳಿಸಲಾಯಿತು. ರಾಯಚೂರಿನ ಹಳ್ಳಿಯ ಹುಡುಗಿಗೆ ಪುಣೆಯಲ್ಲಿ ಸ್ಥಾನ ಸಿಕ್ಕಿತೆಂದುಕೊಳ್ಳಿ. ಬಾಡಿಗೆ, ಊಟ, ಬಸ್ ಖರ್ಚಿಗೆ 5,000 ರೂಪಾಯಿ ಸಾಲುವುದೇ? ಅವಳು ಎಲ್ಲಿ ಉಳಿಯುತ್ತಾಳೆ, ಯಾರು ನೋಡಿಕೊಳ್ಳುತ್ತಾರೆ? ಉಚಿತ ವಸತಿಯನ್ನು ತರಬೇತಿಯ ಭಾಗವಾಗಿಯೇ ಇಟ್ಟುಕೊಂಡ ಉಜಿರೆಯವರಿಗೆ ಈ ಪ್ರಶ್ನೆ 1982ರಲ್ಲೇ ಹೊಳೆದಿತ್ತು.

ಮಾದರಿಗೂ ಮುಪ್ಪು ಬರುತ್ತದೆ

ಹಾಗೆಂದು ಆರ್‌ಸೆಟಿಗಳಲ್ಲಿ ಎಲ್ಲವೂ ನೆಟ್ಟಗಿದೆ ಎಂದು ಭಾವಿಸಬೇಕಿಲ್ಲ. ನಿರ್ದೇಶಕರು ಬ್ಯಾಂಕಿನ ನೌಕರರಾದ ಕಾರಣ ವರ್ಗಾವಣೆ ತಪ್ಪಿದ್ದಲ್ಲ. ಜಿಲ್ಲೆಯ ಪರಿಚಯವಾಗುವಷ್ಟರಲ್ಲಿ ಮುಂದಿನ ಊರಿನ ಆದೇಶ ಬಂದಿರುತ್ತದೆ. ಉತ್ಸಾಹಿ ಅಧಿಕಾರಿಯಿದ್ದಲ್ಲಿ ಸಂಸ್ಥೆ ನಳನಳಿಸುತ್ತದೆ, ನಿವೃತ್ತಿಯ ದಿನ ಎಣಿಸುವವರು ಬಂದರೆ ಮಂಕಾಗುತ್ತದೆ. ಮೂಲದಲ್ಲಿ ಟ್ರಸ್ಟ್ ನೀಡುತ್ತಿದ್ದ ಸ್ಥಳೀಯ ಬೇರು ಕೇವಲ ಬ್ಯಾಂಕು ಮತ್ತು ಸರ್ಕಾರ ಇರುವ ಕಡೆ ದುರ್ಬಲವಾಗುವ ಅಪಾಯವಿದೆ.

‘ನೆಲೆಗೊಂಡವರು’ ಎಂಬ ಲೆಕ್ಕವನ್ನೂ ಎಚ್ಚರದಿಂದ ಓದಬೇಕು. ತರಬೇತಿ ಪಡೆದವರಲ್ಲಿ ಕನಿಷ್ಠ ಶೇಕಡಾ 70 ಮಂದಿ ನೆಲೆಗೊಳ್ಳಬೇಕೆಂಬುದು ಸಂಸ್ಥೆಗಳ ಮುಂದಿರುವ ಗುರಿ. ಬ್ಯಾಂಕ್ ಸಾಲದಿಂದ ಉದ್ಯೋಗ ಹೂಡಿದವರ ಜೊತೆಗೆ ಸ್ವಂತ ಹಣದಿಂದ ಶುರು ಮಾಡಿದವರೂ, ಬೇರೆಯವರಲ್ಲಿ ಸಂಬಳಕ್ಕೆ ಸೇರಿದವರೂ ಇದರಲ್ಲಿ ಸೇರುತ್ತಾರೆ. ಮೂರೂ ಗೌರವದ ಬದುಕೇ. ಆದರೆ ಬ್ಯಾಂಕು ಪಾಲುದಾರನಾಗಿದ್ದೂ ಕಲಿತವಳು ಒಡವೆ ಅಡವಿಟ್ಟು ಅಂಗಡಿ ತೆರೆಯಬೇಕಾಗಿ ಬಂದರೆ ಪಾಲುದಾರಿಕೆಯ ಅರ್ಥವೇ ಮಸುಕಾಗುತ್ತದೆ. ಹುಡುಗಿಯರೆಂದರೆ ಹೊಲಿಗೆ ಮತ್ತು ಬ್ಯೂಟಿ ಪಾರ್ಲರ್ ಎಂಬ ಸಿದ್ಧಪಾಠವೂ ಬದಲಾಗಬೇಕಾಗಿದೆ. ಒಂದೇ ಹಳ್ಳಿಯಲ್ಲಿ ಹತ್ತು ಹೊಲಿಗೆ ಯಂತ್ರಗಳಾದರೆ ಹತ್ತಕ್ಕೂ ಬಟ್ಟೆ ಎಲ್ಲಿಂದ ಬರಬೇಕು?

ಕೇಳಬೇಕಾದ ಪ್ರಶ್ನೆಗಳು

ಕಂಪನಿಗಳ ಕಾಯ್ದೆಯ ಪ್ರಕಾರ 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು. ವೃತ್ತಿ ಕೌಶಲವೂ ಆ ಪಟ್ಟಿಯಲ್ಲಿದೆ. ಕರ್ನಾಟಕ ಸರ್ಕಾರ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುವ ಯುವ ನಿಧಿಯನ್ನು 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಆರಂಭಿಸಿತು. ಅಲ್ಲೂ ಎರಡು ವರ್ಷ! ಆ ಅವಧಿಯಲ್ಲಿ ಹಣದ ಜೊತೆಗೆ ಒಂದು ಕೌಶಲವೂ, ಒಬ್ಬ ಮಾರ್ಗದರ್ಶಕರೂ ಸಿಕ್ಕಿದರೆ ಮೂರನೆಯ ವರ್ಷದ ಚಿಂತೆ ಎಷ್ಟೋ ಹಗುರವಾದೀತು. ಅಂದರೆ ಹಣವೂ ಯೋಜನೆಗಳೂ ಇಲ್ಲವೆಂದಲ್ಲ. ಇವುಗಳನ್ನು ಒಂದೆಡೆ ಹೆಣೆಯುವವರು ಬೇಕಾಗಿದ್ದಾರೆ.

ಮುಂದೆ ಯಾವುದೇ ಹೊಸ ಸಹಭಾಗಿತ್ವದ ಘೋಷಣೆಯಾದಾಗ ಎಷ್ಟು ಕೋಟಿ, ಎಷ್ಟು ಲಕ್ಷ ಮಂದಿ ಎಂಬ ಅಂಕಿಗಳ ಜೊತೆಗೆ ಬೇರೆ ಕೆಲವು ಪ್ರಶ್ನೆಗಳನ್ನೂ ಕೇಳಬೇಕು. ಖಾಸಗಿ ಪಾಲುದಾರನ ಯಾವ ಹಣ, ಯಾವ ಹೆಸರು ಪಣಕ್ಕಿದೆ? ಶುಲ್ಕ ಸಲ್ಲುವುದು ತರಗತಿ ತುಂಬಿದ್ದಕ್ಕೋ, ಬದುಕು ನಿಂತದ್ದಕ್ಕೋ? ಹಳ್ಳಿಯಿಂದ ಬಂದವರು ಎಲ್ಲಿ ಉಳಿಯುತ್ತಾರೆ? ಪ್ರಮಾಣಪತ್ರ ಕೈಗೆ ಬಂದು ಎರಡು ವರ್ಷವಾದ ಮೇಲೆ ಅವರು ಎಲ್ಲಿದ್ದಾರೆಂದು ಹೇಳಬಲ್ಲವರು ಯಾರಾದರೂ ಇರುತ್ತಾರೆಯೇ?

ತರಬೇತಿ ಕೇಂದ್ರ ಹುಡುಕುತ್ತಿರುವ ತಂದೆ ತಾಯಿಯರೂ ಇದೇ ಪ್ರಶ್ನೆಗಳನ್ನು ಕೇಳಬಹುದು. ಜಿಲ್ಲಾ ಕೇಂದ್ರದ ಅಗ್ರಣಿ ಬ್ಯಾಂಕ್ ಕಚೇರಿಯಲ್ಲಿ ವಿಚಾರಿಸಿದರೆ ಆಯಾ ಜಿಲ್ಲೆಯ ಆರ್‌ಸೆಟಿಯ ವಿಳಾಸ, ಮುಂದಿನ ತಂಡಗಳ ದಿನಾಂಕ ಸಿಗುತ್ತವೆ. ತರಬೇತಿ, ಊಟ, ವಸತಿಗೆ ಅಲ್ಲಿ ಒಂದು ಪೈಸೆಯೂ ಕೊಡಬೇಕಾಗಿಲ್ಲ.